16 ಕಿಬಿಹರ್ಟ್ಸ್ ಅಂತ ಬರೆದರೆ ತಪ್ಪಾ?

ಪ್ರಶ್ನೆ: ಯಂತ್ರಗಳ ಕಂಪನ ಅಳೆಯುವ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಸೆಕೆಂಡಿಗೆ 16,384 ಸ್ಯಾಂಪಲ್ ತೆಗೆದುಕೊಳ್ಳುತ್ತೇನೆ. ವರದಿಯಲ್ಲಿ ಅದನ್ನು 16 ಕಿಬಿಹರ್ಟ್ಸ್ ಎಂದು ಬರೆದಿದ್ದೆ. ಗೈಡ್ ಅದಕ್ಕೆ ಕೆಂಪು ಗೆರೆ ಎಳೆದು, ಕಿಬಿ, ಮೆಬಿ ಎಲ್ಲ ಬೈಟಿಗೆ ಮಾತ್ರ ಅಂದರು. ನಿಜವಾ? ಹಾಗಾದರೆ ಕಿಬಿಮೀಟರ್, ಕಿಬಿಗ್ರಾಂ ಅನ್ನೋದು ಇರಲೇಬಾರದಾ? ಮಿಲಿಗೆ ಜೋಡಿಯಾಗಿ 1024ರಲ್ಲಿ ಒಂದು ಭಾಗಕ್ಕೆ ಏನಾದರೂ ಹೆಸರಿದೆಯಾ?

ಉತ್ತರ: ನೀವು ಬರೆದದ್ದು ತಪ್ಪಲ್ಲ. ಹಾಗಂತ ನಿಮ್ಮ ಗೈಡ್ ಜೊತೆ ಜಗಳಕ್ಕೆ ಹೋಗಬೇಡಿ, ಅವರು ಹೇಳಿದ ಕಾರಣ ಸರಿಯಿಲ್ಲದಿದ್ದರೂ ಗೆರೆ ಎಳೆದದ್ದಕ್ಕೆ ಬೇರೆ ಒಳ್ಳೆಯ ಕಾರಣ ಇದೆ. ಅದನ್ನು ಆಮೇಲೆ ಹೇಳುತ್ತೇನೆ.

ಕಿಬಿ ಅಂದರೆ 1024 ಪಟ್ಟು. ಮೊದಲು ಅದು ಎಲ್ಲಿಂದ ಬಂತು ಅಂತ ನೋಡಿ. 1960ರ ದಶಕದಲ್ಲೇ ಕಂಪ್ಯೂಟರ್ ಜನ 1024ಕ್ಕೆ ಕಿಲೋ ಅನ್ನೋಕೆ ಶುರು ಮಾಡಿದ್ದರು. 2.4 ಶೇಕಡಾ ವ್ಯತ್ಯಾಸ ಅಷ್ಟೇ, ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಆದರೂ 1968ರಲ್ಲೇ ಡೊನಾಲ್ಡ್ ಮಾರಿಸನ್ ಎಂಬವರು, 1024ಕ್ಕೆ ಗ್ರೀಕ್ ಅಕ್ಷರ ಕಪ್ಪಾ ಬಳಸೋಣ ಅಂತ ಪತ್ರ ಬರೆದಿದ್ದರು. ಯಾರೂ ಕೇಳಲಿಲ್ಲ. ಮುಂದೆ ಮೆಮೊರಿ ದೊಡ್ಡದಾಗುತ್ತ ಹೋದ ಹಾಗೆ ವ್ಯತ್ಯಾಸವೂ ಬೆಳೆಯಿತು. ಮೆಗಾ ಮಟ್ಟದಲ್ಲಿ ಸುಮಾರು 4.9 ಶೇಕಡಾ, ಗಿಗಾಗೆ 7.4, ಟೆರಾಗೆ ಹತ್ತಿರ ಹತ್ತಿರ 10. ಕೊನೆಗೆ 1998ರ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗ, ಅಂದರೆ ಐಇಸಿ, ಕಿಬಿ, ಮೆಬಿ, ಗಿಬಿ, ಟೆಬಿ, ಪೆಬಿ, ಎಕ್ಸ್‌ಬಿ ಎಂಬ ಆರು ಹೆಸರುಗಳಿಗೆ ಒಪ್ಪಿಗೆ ಕೊಟ್ಟಿತು. ಜೆಬಿ, ಯೋಬಿ 2005ರಲ್ಲಿ ಬಂದವು. 2022ರಲ್ಲಿ ಮೀಟರ್, ಕಿಲೋಗ್ರಾಂಗಳ ಅಂತರರಾಷ್ಟ್ರೀಯ ಅಳತೆ ಪದ್ಧತಿಯಾದ ಎಸ್‌ಐಗೆ ರೊನ್ನಾ, ಕ್ವೆಟ್ಟಾ ಸೇರಿದ ಮೇಲೆ ಅವುಗಳ ಬೈನರಿ ಜೋಡಿಗಳಾದ ರೋಬಿ, ಕ್ವೆಬಿ 2025ರಲ್ಲಿ ಐಇಸಿ ಪಟ್ಟಿಗೆ ಬಂದವು.

ಈ ಪ್ರಿಫಿಕ್ಸ್‌ಗಳ, ಅಂದರೆ ಏಕಮಾನದ ಹೆಸರಿನ ಮುಂದೆ ಸೇರಿಸುವ ಪದಗಳ, ವ್ಯಾಖ್ಯೆಯಲ್ಲಿ ಬೈಟಿನ ಮಾತೇ ಇಲ್ಲ. ಕಿಬಿ ಅಂದರೆ 2ರ 10ನೇ ಘಾತ, ಮೆಬಿ ಅಂದರೆ 20ನೇ ಘಾತ. ಅದೊಂದು ಸಂಖ್ಯೆ. ಯಾವ ಏಕಮಾನದ ಮುಂದೆ ಇಟ್ಟರೂ ಅರ್ಥ ಕೆಡುವುದಿಲ್ಲ. ಆದರೆ ಐಇಸಿ ಇವನ್ನು ಇಟ್ಟಿರುವುದು ಮಾಹಿತಿ ತಂತ್ರಜ್ಞಾನದ ಭಾಗದಲ್ಲಿ. ಎಸ್‌ಐ ಪದ್ಧತಿಯನ್ನು ನೋಡಿಕೊಳ್ಳುವ ಅಂತರರಾಷ್ಟ್ರೀಯ ತೂಕ ಮತ್ತು ಅಳತೆಗಳ ಬ್ಯೂರೋ ಕೂಡ ತನ್ನ ಕೈಪಿಡಿಯಲ್ಲಿ ಇವು ಎಸ್‌ಐ ಭಾಗವಲ್ಲ, ಮಾಹಿತಿ ತಂತ್ರಜ್ಞಾನದಲ್ಲಿ ಬಳಸಿ, ಕಿಲೋವನ್ನು ಮಾತ್ರ ಯಾವತ್ತೂ 1024ಕ್ಕೆ ಬಳಸಬೇಡಿ ಎನ್ನುತ್ತದೆ. ನಿಮ್ಮ ಗೈಡಿನ ಮಾತು ಬಹುಶಃ ಇಲ್ಲಿಂದ ಬಂದದ್ದು. ಅಂದರೆ ವ್ಯಾಕರಣ ನಿಮ್ಮ ಕಡೆ ಇದೆ, ರೂಢಿ ಅವರ ಕಡೆ ಇದೆ.

ನಿಮ್ಮ 16,384ಕ್ಕೆ ಬರೋಣ. ಆ ಸಂಖ್ಯೆ ಅಲ್ಲಿ ಸುಮ್ನೆ ಬಂದು ಕೂತಿಲ್ಲ. ನೀವು ಎಫ್‌ಎಫ್‌ಟಿ, ಅಂದರೆ ಕಂಪನದಲ್ಲಿ ಯಾವ ಯಾವ ಆವರ್ತನ ಎಷ್ಟಿದೆ ಅಂತ ಬಿಡಿಸುವ ಲೆಕ್ಕ, ಮಾಡುತ್ತೀರಿ, ಅದು 2ರ ಘಾತದಷ್ಟು ಸ್ಯಾಂಪಲ್ ಇದ್ದಾಗ ಸಲೀಸಾಗಿ ಓಡುತ್ತದೆ. 4096 ಸ್ಯಾಂಪಲ್‌ನ ಬ್ಲಾಕ್ ತೆಗೆದುಕೊಂಡಿರಿ ಅನ್ನಿ. 16 ಕಿಬಿಯನ್ನು 4 ಕಿಬಿಯಿಂದ ಭಾಗಿಸಿದರೆ 4. ಆ ಲೆಕ್ಕದಿಂದ ಸಿಗುವ ಆವರ್ತನಗಳ ಗ್ರಾಫ್, ಅಂದರೆ ಸ್ಪೆಕ್ಟ್ರಮ್‌ನ ಗೆರೆಗಳು ಸರಿಯಾಗಿ 4 ಹರ್ಟ್ಸ್‌ಗೆ ಒಂದರಂತೆ ಬೀಳುತ್ತವೆ, ಒಂದು ಬ್ಲಾಕ್ ಕಾಲು ಸೆಕೆಂಡ್ ಹಿಡಿಯುತ್ತದೆ. ಇದೇ ಕೆಲಸವನ್ನು 16,000 ಹರ್ಟ್ಸ್‌ನಲ್ಲಿ ಮಾಡಿ ನೋಡಿ, ಗೆರೆಗಳ ನಡುವಿನ ಅಂತರ 3.90625 ಆಗುತ್ತದೆ. ಯಾರಿಗೂ ಬೇಡವಾದ ಸಂಖ್ಯೆ. ಹಾಗಾಗಿ ಕಿಬಿಹರ್ಟ್ಸ್ ಇಲ್ಲಿ ಲೆಕ್ಕವನ್ನು ನಿಜಕ್ಕೂ ಹಗುರ ಮಾಡುತ್ತದೆ, ಮೇಲೂ ಕೆಳಗೂ ಇರುವ ಕಿಬಿ ಹೊಡೆದುಹೋಗಿ ಬಾಯಿಲೆಕ್ಕಕ್ಕೆ ಸಿಗುವ ಅಂಕಿ ಉಳಿಯುತ್ತದೆ.

ಕಂಪನ ಅಳೆಯುವವರ ಲೋಕದಲ್ಲಿ ಇದರ ಇನ್ನೊಂದು ಗುರುತು ಇದೆ, ನೀವೂ ನೋಡಿರುತ್ತೀರಿ. ಉಪಕರಣಗಳು 400, 800, 1600, 3200 ಗೆರೆ ಅಂತ ಆಯ್ಕೆ ಕೊಡುತ್ತವಲ್ಲ, ಆ 400 ಯಾಕೆ? 1024 ಸ್ಯಾಂಪಲ್‌ನಿಂದ 512 ಗೆರೆ ಸಿಗಬೇಕು. ಆದರೆ ಅಲಿಯಾಸಿಂಗ್, ಅಂದರೆ ಹೆಚ್ಚಿನ ಆವರ್ತನ ಕಡಿಮೆ ಆವರ್ತನದ ವೇಷದಲ್ಲಿ ಕಾಣುವುದನ್ನು, ತಡೆಯುವ ಫಿಲ್ಟರ್ ಕತ್ತರಿಸಿದಂತೆ ಒಮ್ಮೆಲೇ ನಿಲ್ಲುವುದಿಲ್ಲ, ಇಳಿಜಾರಾಗಿ ನಿಲ್ಲುತ್ತದೆ. ಆ ಇಳಿಜಾರಿನಲ್ಲಿ ಬಿದ್ದ ಮೇಲಿನ 112 ಗೆರೆಗಳನ್ನು ನಂಬುವ ಹಾಗಿಲ್ಲ ಅಂತ ಬಿಟ್ಟು 400 ತೋರಿಸುತ್ತಾರೆ. 1024ನ್ನು 400ರಿಂದ ಭಾಗಿಸಿದರೆ 2.56. ಅದಕ್ಕೇ ಈ ಕ್ಷೇತ್ರದಲ್ಲಿ ಸ್ಯಾಂಪ್ಲಿಂಗ್ ದರ ಅಂದರೆ ಬೇಕಾದ ಗರಿಷ್ಠ ಆವರ್ತನದ 2.56 ಪಟ್ಟು. 20 ಕಿಲೋಹರ್ಟ್ಸ್ ವರೆಗೆ ನೋಡಬೇಕಾದರೆ 51.2 ಕಿಲೋಹರ್ಟ್ಸ್ ಬೇಕು. ಇದನ್ನು 1024ರಿಂದ ಭಾಗಿಸಿ ನೋಡಿ, ಸರಿಯಾಗಿ 50 ಕಿಬಿಹರ್ಟ್ಸ್! 10 ಕಿಲೋಹರ್ಟ್ಸ್‌ಗೆ ಬೇಕಾದ 25.6 ಕಿಲೋಹರ್ಟ್ಸ್ ಅಂದರೆ 25 ಕಿಬಿಹರ್ಟ್ಸ್. 65.536 ಅಂತ ವಿಚಿತ್ರವಾಗಿ ಕಾಣುವ ದರವೂ ಕೆಲವು ಉಪಕರಣಗಳಲ್ಲಿ ಇರುತ್ತದೆ, ಅದು 64 ಕಿಬಿಹರ್ಟ್ಸ್. ನಿಮ್ಮ 16,384ನ್ನು 2.56ರಿಂದ ಭಾಗಿಸಿದರೆ 6400 ಹರ್ಟ್ಸ್ ಬರುತ್ತದೆ, ನಿಮ್ಮ ನಂಬಲರ್ಹ ವ್ಯಾಪ್ತಿ ಅದು. ಎಲ್ಲ ಕಡೆ ಕಿಬಿ ಅಡಗಿ ಕೂತಿದೆ, ಆದರೆ ಕ್ಯಾಟಲಾಗಿನಲ್ಲಿ 51.2 ಅಂತಲೇ ಅಚ್ಚಾಗುತ್ತದೆ.

ಗುರುತ್ವ ಅಲೆಗಳನ್ನು ಹಿಡಿಯುವ ಲೈಗೋ ಡಿಟೆಕ್ಟರ್ ಕೂಡ ನಿಮ್ಮ ದರದಲ್ಲೇ, ಸೆಕೆಂಡಿಗೆ 16,384 ಬಾರಿ ಸ್ಯಾಂಪಲ್ ಮಾಡುತ್ತದೆ. ಸಾರ್ವಜನಿಕರಿಗೆ ಕೊಡುವ ದತ್ತಾಂಶದಲ್ಲಿ 4096 ಹರ್ಟ್ಸ್‌ಗೆ ಇಳಿಸಿದ ರೂಪವೂ ಸಿಗುತ್ತದೆ. ಒಂದೊಂದು ಫೈಲು 4096 ಸೆಕೆಂಡಿನದು. 4 ಕಿಬಿಹರ್ಟ್ಸ್ ಗುಣಿಸು 4 ಕಿಬಿಸೆಕೆಂಡ್, ಒಟ್ಟು 16 ಮೆಬಿ ಸ್ಯಾಂಪಲ್. ಎಷ್ಟು ಚೆನ್ನಾಗಿ ಕೂರುತ್ತೆ ಅಲ್ವಾ! ಆದರೆ ಫೈಲಿನ ಹೆಸರಿನಲ್ಲಿ ಏನು ಬರೆದಿದ್ದಾರೆ ಗೊತ್ತಾ? 4 ಕಿಲೋಹರ್ಟ್ಸ್ ಅಂತ. ಹೊಸದಾಗಿ ಬಂದವರು ಹೆಸರು ನಂಬಿ 4000 ಅಂತ ಕೋಡ್ ಬರೆದರೆ ಎಲ್ಲ ಆವರ್ತನವೂ ಪಕ್ಕಕ್ಕೆ ಸರಿಯುತ್ತದೆ.

ಇಂಥ ಎಡವಟ್ಟು ಜಾಸ್ತಿ ಆಗುವ ಜಾಗ ಗಡಿಯಾರದ ಕ್ವಾರ್ಟ್ಜ್ ಹರಳು. ಅದು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ, ಅಂದರೆ 2ರ 15ನೇ ಘಾತ, 32 ಕಿಬಿಹರ್ಟ್ಸ್. 15 ಫ್ಲಿಪ್-ಫ್ಲಾಪ್‌ಗಳು, ಅಂದರೆ ಎರಡು ಮಿಡಿತಕ್ಕೆ ಒಂದು ಮಿಡಿತ ಕೊಡುವ ಸರ್ಕ್ಯೂಟುಗಳು, ಒಂದರ ಹಿಂದೆ ಒಂದು ಅರ್ಧ ಮಾಡುತ್ತ ಹೋದರೆ ಕೊನೆಗೆ ಸೆಕೆಂಡಿಗೆ ಒಂದು ಮಿಡಿತ ಸಿಗುತ್ತದೆ. ಒಂದು ಮೆಟ್ಟಿಲು ಕೆಳಗೆ, 16,384ಕ್ಕೆ ಇಳಿದರೆ ಕಿವಿ ಚುರುಕಾಗಿರುವ ಚಿಕ್ಕವರಿಗೆ ಕೇಳಿಸುವ ವಲಯಕ್ಕೆ ಬರುತ್ತದೆ, ಹರಳೂ ದೊಡ್ಡದಾಗಬೇಕು. ತುಂಬ ಮೇಲೆ ಹೋದರೆ ಬ್ಯಾಟರಿ ಬೇಗ ಮುಗಿಯುತ್ತದೆ. ಹಾಗಾಗಿ 32,768 ಗಟ್ಟಿಯಾಯಿತು. ಇದನ್ನು ಡೇಟಾಶೀಟ್‌ಗಳು ಎಷ್ಟೋ ಸಲ 32 ಕಿಲೋಹರ್ಟ್ಸ್ ಅಂತ ಬರೆದುಬಿಡುತ್ತವೆ. ಮೈಕ್ರೋಕಂಟ್ರೋಲರ್ ಎಂಬ ಪುಟ್ಟ ಕಂಪ್ಯೂಟರ್ ಚಿಪ್‌ನ ಒಳಗೆ ನಿಜವಾಗಿಯೂ 32,000 ಹರ್ಟ್ಸ್ ಆಸುಪಾಸಿನಲ್ಲಿ ಓಡುವ ಇನ್ನೊಂದು ಆಸಿಲೇಟರ್ (ಮಿಡಿತ ಹುಟ್ಟಿಸುವ ಸರ್ಕ್ಯೂಟ್) ಇರಬಹುದು, ಅದಕ್ಕೂ ಅದೇ ಹೆಸರು. ಹರಳು 32,768ರಲ್ಲಿ ಓಡುತ್ತಿದ್ದು ಪ್ರೋಗ್ರಾಂ 32,000 ಅಂತ ಎಣಿಸಿದರೆ ದಿನಕ್ಕೆ ಸುಮಾರು 34 ನಿಮಿಷ 34 ಸೆಕೆಂಡ್ ಮುಂದೆ ಹೋಗುತ್ತದೆ. 32 ಕಿಬಿಹರ್ಟ್ಸ್ ಅಂತ ಬರೆದಿದ್ದರೆ ಇದು ಆಗುತ್ತಲೇ ಇರಲಿಲ್ಲ. ನನ್ನನ್ನು ಕೇಳಿದರೆ, ಕಂಪ್ಯೂಟರ್ ಮೆಮೊರಿಯ ಆಚೆ ಕಿಬಿಗೆ ಇದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಹಳೆಯ ಗೇಮ್ ಬಾಯ್ ಆಟದ ಯಂತ್ರದ ಗಡಿಯಾರವೂ 4.194304 ಮೆಗಾಹರ್ಟ್ಸ್, ಸರಿಯಾಗಿ 4 ಮೆಬಿಹರ್ಟ್ಸ್.

ಸಮಯದ ವಿಷಯಕ್ಕೆ ಬಂದರೆ ಬೈನರಿ ಇನ್ನೂ ಆಳಕ್ಕೆ ಇಳಿದಿದೆ. ಇಂಟರ್ನೆಟ್ಟಿನಲ್ಲಿ ಗಡಿಯಾರ ಸರಿಪಡಿಸುವ ಎನ್‌ಟಿಪಿ ತನ್ನ ಸರ್ವರನ್ನು ವಿಚಾರಿಸುವುದು ಸಾಮಾನ್ಯವಾಗಿ 64 ಸೆಕೆಂಡಿಗೊಮ್ಮೆ, ಎಲ್ಲ ಸರಿಯಿದ್ದರೆ ನಿಧಾನಕ್ಕೆ 1024 ಸೆಕೆಂಡಿಗೊಮ್ಮೆ. ಸೆಟ್ಟಿಂಗಿನಲ್ಲಿ ಸೆಕೆಂಡನ್ನು ಬರೆಯುವುದೇ ಇಲ್ಲ, 6 ಮತ್ತು 10 ಎಂಬ ಘಾತಗಳನ್ನು ಬರೆಯುತ್ತಾರೆ. ಜಿಪಿಎಸ್ ವಾರಗಳನ್ನು ಎಣಿಸುವ ಹಳೆಯ ಕೌಂಟರ್ 10 ಬಿಟ್‌ನದು. 1024 ವಾರ, ಅಂದರೆ ಸುಮಾರು 19.6 ವರ್ಷ ತುಂಬಿದರೆ ಮತ್ತೆ ಸೊನ್ನೆ. 1999ರ ಆಗಸ್ಟಿನಲ್ಲಿ ಒಮ್ಮೆ, 2019ರ ಏಪ್ರಿಲಿನಲ್ಲಿ ಇನ್ನೊಮ್ಮೆ ಹೀಗಾಯಿತು. ಒಂದು ಕಿಬಿವಾರ ಅಂತ ಕರೆಯಬಹುದಿತ್ತು, ಯಾರೂ ಕರೆಯಲಿಲ್ಲ. ಯುನಿಕ್ಸ್ ಸಮಯವನ್ನು 32 ಬಿಟ್‌ನಲ್ಲಿ ಇಟ್ಟುಕೊಂಡ ಹಳೆಯ ವ್ಯವಸ್ಥೆಗಳು 1970ರ ಜನವರಿ 1ರಿಂದ ಎಣಿಸಿ 2 ಗಿಬಿಸೆಕೆಂಡ್ ತುಂಬುವ ಹೊತ್ತಿಗೆ, ಅಂದರೆ 2038ರ ಜನವರಿ 19ರಂದು, ಉಕ್ಕಿ ಹರಿಯುತ್ತವೆ. ಒಂದು ಗಿಬಿಸೆಕೆಂಡ್ ಸುಮಾರು 34 ವರ್ಷ.

ಎಲ್ಲಕ್ಕಿಂತ ತಮಾಷೆ ವೈಫೈನದು. ಅದರ ಮಾನದಂಡದಲ್ಲಿ ಸಮಯದ ಒಂದು ಘಟಕ ಅಂದರೆ 1024 ಮೈಕ್ರೋಸೆಕೆಂಡ್. ಮೈಕ್ರೋಸೆಕೆಂಡ್ ಎಣಿಸುವ ಕೌಂಟರಿನ ಕೆಳಗಿನ 10 ಬಿಟ್‌ಗಳನ್ನು ಬಿಟ್ಟುಬಿಟ್ಟರೆ ಈ ಘಟಕ ತಾನಾಗೇ ಸಿಗುತ್ತದೆ, ಭಾಗಾಕಾರದ ಸರ್ಕ್ಯೂಟೇ ಬೇಡ. ರೂಟರ್ ತಾನಿರುವುದನ್ನು ಸಾರುವ ಸಂಕೇತಗಳ ನಡುವಿನ ಬೀಕನ್ ಅಂತರ 100 ಅಂತ ನೋಡಿ ಜನ ಅದನ್ನು 100 ಮಿಲಿಸೆಕೆಂಡ್ ಅಂದುಕೊಳ್ಳುತ್ತಾರೆ, ಅದು 102.4. ಕೆಲವು ಕಂಪನಿಗಳ ಕೈಪಿಡಿಯಲ್ಲಿ ಈ ಘಟಕಕ್ಕೆ ಕಿಲೋಮೈಕ್ರೋಸೆಕೆಂಡ್ ಎಂಬ ಹೆಸರು ಕಂಡಿದೆ. ಒಂದೇ ಪದದಲ್ಲಿ ಎರಡು ತಪ್ಪು: ಕಿಲೋ ಅಂದರೆ 1024 ಅಲ್ಲ, ಒಂದು ಏಕಮಾನಕ್ಕೆ ಎರಡು ಪ್ರಿಫಿಕ್ಸ್ ಹಚ್ಚುವುದಕ್ಕೂ ಎಸ್‌ಐ ಒಪ್ಪುವುದಿಲ್ಲ. ಕಿಬಿಮೈಕ್ರೋಸೆಕೆಂಡ್ ಅಂದರೆ ಮೊದಲ ತಪ್ಪು ಸರಿಹೋಗುತ್ತದೆ, ಎರಡನೆಯದು ಹಾಗೇ ಉಳಿಯುತ್ತದೆ.

ಈ ಎರಡನೇ ತೊಡಕು ವೋಲ್ಟೇಜ್‌ನಲ್ಲೂ ಕಾಡುತ್ತದೆ. 4.096 ವೋಲ್ಟ್ ಅಂತ ನಿಖರವಾಗಿ ಕೊಡುವ ರೆಫರೆನ್ಸ್ ಚಿಪ್‌ಗಳು ಸಿಗುತ್ತವೆ, 2.048 ಮತ್ತು 1.024 ವೋಲ್ಟಿನವೂ ಇವೆ. ಯಾಕೆ ಅಂದರೆ 12 ಬಿಟ್‌ನ ಎಡಿಸಿಯಲ್ಲಿ (ವೋಲ್ಟೇಜನ್ನು ಅಂಕಿಯಾಗಿ ಬದಲಿಸುವ ಸರ್ಕ್ಯೂಟ್) 4096 ಮೆಟ್ಟಿಲು, ಒಂದೊಂದಕ್ಕೆ ಸರಿಯಾಗಿ 1 ಮಿಲಿವೋಲ್ಟ್ ಬೀಳಲಿ ಅಂತ. ಇದು 4 ಕಿಬಿವೋಲ್ಟ್ ಅಲ್ಲ ನೋಡಿ, ಅದಾದರೆ ನಾಲ್ಕು ಸಾವಿರ ವೋಲ್ಟ್ ದಾಟಿಬಿಡುತ್ತದೆ. ಇದು 4 ಕಿಬಿ "ಮಿಲಿವೋಲ್ಟ್". ಇಲ್ಲಿ ಬೈನರಿ ಇರುವುದು ಮೆಟ್ಟಿಲುಗಳ ಎಣಿಕೆಯಲ್ಲಿ, ವೋಲ್ಟಿನಲ್ಲಿ ಅಲ್ಲ. ಎಂಜಿನಿಯರುಗಳು 4.096 ಅಂತ ಬರೆದು ಸುಮ್ಮನಾಗುತ್ತಾರೆ, ಸರಿಯಾಗೇ ಮಾಡುತ್ತಾರೆ.

ಈಗ ನಿಮ್ಮ ಕಿಬಿಮೀಟರ್. 1024 ಮೀಟರ್, 1.024 ಕಿಲೋಮೀಟರ್. ಬರೆಯಬಹುದು, ಯಾರೂ ಹಿಡಿದು ಹೊಡೆಯುವುದಿಲ್ಲ. ಆದರೆ ಯಾವುದಕ್ಕೆ ಬೇಕು? ಮೇಲೆ ಹೇಳಿದ ಎಲ್ಲ ಕಡೆಯೂ ಯಾವುದೋ ಒಂದು ಕೌಂಟರ್, ಒಂದು ಭಾಗಿಸುವ ಸರ್ಕ್ಯೂಟು, ಇಲ್ಲಾ ಎಫ್‌ಎಫ್‌ಟಿ ಇತ್ತು. 1024 ಬಂದದ್ದು ಅದರ ಹೊಟ್ಟೆಯಿಂದ. ದೂರಕ್ಕೆ, ತೂಕಕ್ಕೆ, ಒತ್ತಡಕ್ಕೆ ಅಂಥ ಕೌಂಟರ್ ಇಲ್ಲ. ಬೆಟ್ಟದ ಎತ್ತರ ಎರಡರ ಘಾತದಲ್ಲಿ ಬೆಳೆಯುವುದಿಲ್ಲ. ಮೇಲಾಗಿ ನಾವು ಬರೆಯುವ ಅಂಕಿಗಳೇ ಹತ್ತರ ಪದ್ಧತಿಯವು. 3750 ಮೀಟರ್ ಅಂದರೆ ಚುಕ್ಕೆ ಸರಿಸಿ 3.75 ಕಿಲೋಮೀಟರ್ ಅನ್ನುತ್ತೀರಿ, ಕಿಬಿಮೀಟರಿನಲ್ಲಿ 3.662109375. ಬೇಕಾ ಇದು?

ಇನ್ನೊಂದು ಹಾನಿ ತಕ್ಷಣ ಕಣ್ಣಿಗೆ ಬೀಳುವುದಿಲ್ಲ. ಎಸ್‌ಐ ಏಕಮಾನಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡಿವೆ. ಒಂದು ಕಿಲೋಗ್ರಾಂ, ಒಂದು ಮೀಟರ್, ಒಂದು ಸೆಕೆಂಡ್ ಸೇರಿ ಒಂದು ನ್ಯೂಟನ್. ಕಿಲೋಗ್ರಾಂ ಮೂಲ ಏಕಮಾನವೇ ಆದರೂ ಅದರ ಹೆಸರಿನಲ್ಲಿ ಆಗಲೇ ಒಂದು ಕಿಲೋ ಇದೆ, ಹಾಗಾಗಿ ಅದಕ್ಕೆ ಕಿಬಿ ಹಚ್ಚೋ ಹಾಗಿಲ್ಲ. ಗ್ರಾಮಿಗೆ ಹಚ್ಚಿದರೆ ಕಿಬಿಗ್ರಾಂ, 1024 ಗ್ರಾಂ. ಈಗ ಕಿಬಿಗ್ರಾಂ ಇಟ್ಟುಕೊಂಡು ಬಲ ಲೆಕ್ಕ ಹಾಕಿದರೆ 1.024 ನ್ಯೂಟನ್ ಬರುತ್ತದೆ, ಒಂದು ಸಲ ನುಸುಳಿದ 1.024 ಶಕ್ತಿ, ಒತ್ತಡ ಅಂತ ಎಲ್ಲ ಕಡೆ ಹಿಂಬಾಲಿಸುತ್ತದೆ. ವಿಸ್ತೀರ್ಣದಲ್ಲಿ ಇನ್ನೂ ಕೆಡುತ್ತದೆ. ಚದರ ಕಿಲೋಮೀಟರ್ ಅಂದರೆ ವರ್ಗ ಕಿಲೋಗೂ ಸೇರಿ ಅನ್ವಯಿಸುತ್ತದೆ, ಹತ್ತು ಲಕ್ಷ ಚದರ ಮೀಟರ್. ಅದೇ ನಿಯಮದಲ್ಲಿ ಚದರ ಕಿಬಿಮೀಟರ್ ಅಂದರೆ 10,48,576 ಚದರ ಮೀಟರ್, 2.4 ಶೇಕಡಾ ಇದ್ದದ್ದು 4.9 ಆಯಿತು. ಘನ ಮಾಡಿದರೆ 7.4.

ಸಂಕೇತಗಳದ್ದೂ ಒಂದು ರಗಳೆ. ಕಿಲೋದ ಸಂಕೇತ ಇಂಗ್ಲಿಷಿನ ಸಣ್ಣಕ್ಷರ ಕೆ, ಕಿಬಿಯದ್ದು ದೊಡ್ಡಕ್ಷರ ಕೆ ಜೊತೆಗೆ ಐ, ಕೆಲ್ವಿನ್ ತಾಪಮಾನದ್ದು ಬರೀ ದೊಡ್ಡಕ್ಷರ ಕೆ. ಕಿಬಿಕೆಲ್ವಿನ್ ಬರೆದರೆ ಕೆ-ಐ-ಕೆ. ಪೆಬಿಪ್ಯಾಸ್ಕಲ್ ಅಂತೂ ಪೀಪಾ ಅಂತ ಓದಿಸಿಕೊಳ್ಳುತ್ತದೆ.

ಶಬ್ದ ಅಳೆಯುವವರು ಇದೇ ಹಗ್ಗಜಗ್ಗಾಟವನ್ನು ತಮ್ಮದೇ ರೀತಿಯಲ್ಲಿ ಮುಗಿಸಿದ್ದಾರೆ, ನಿಮ್ಮ ಗೈಡಿಗೆ ಬೇಕಾದರೆ ಇದನ್ನು ಹೇಳಿ. ಆಕ್ಟೇವ್ ಅಂದರೆ ಆವರ್ತನ ಎರಡು ಪಟ್ಟಾಗುವುದು, ಇದಕ್ಕಿಂತ ಬೈನರಿಯಾದ ಅಳತೆ ಬೇರೆ ಬೇಕಾ? 10 ಆಕ್ಟೇವ್ ಏರಿದರೆ 1024 ಪಟ್ಟು. ಆದರೂ ಆಕ್ಟೇವ್ ಫಿಲ್ಟರ್‌ಗಳ ಐಇಸಿ ಮಾನದಂಡ 1995ರಲ್ಲಿ 2ರ ಆಧಾರ, 10ರ ಆಧಾರ ಎರಡಕ್ಕೂ ಜಾಗ ಕೊಟ್ಟಿತ್ತು, 2014ರ ಆವೃತ್ತಿ 10ರ ಆಧಾರವನ್ನು ಮಾತ್ರ ಉಳಿಸಿಕೊಂಡಿತು. ಅಲ್ಲಿ ಆಕ್ಟೇವ್ ಅಂದರೆ 10ರ 0.3ನೇ ಘಾತ, 2 ಅಲ್ಲ, 1.995. ಹತ್ತು ಸಲ ಏರಿದರೆ ಸರಿಯಾಗಿ 1000. 2ರ 10ನೇ ಘಾತ 1000ಕ್ಕೆ ಹತ್ತಿರ ಇರುವ ಕಾಕತಾಳೀಯವೇ ಕಂಪ್ಯೂಟರ್ ಜನರಿಗೆ ಕಿಲೋವನ್ನು ಕದಿಯಲು ದಾರಿ ಮಾಡಿಕೊಟ್ಟದ್ದು. ಇಲ್ಲಿ ಅದೇ ಕಾಕತಾಳೀಯ ತಿರುಗಿ ಹತ್ತರ ಕಡೆ ಕೆಲಸ ಮಾಡಿದೆ. ಶಕ್ತಿ ಎರಡು ಪಟ್ಟಾದರೆ 3 ಡೆಸಿಬೆಲ್ ಅನ್ನೋದೂ ಇದೇ ಲೆಕ್ಕ, ನಿಖರವಾಗಿ 3.0103.

ಕೊನೆಯ ಪ್ರಶ್ನೆ, ಮಿಲಿಗೆ ಬೈನರಿ ಜೋಡಿ. ಇಲ್ಲ. ಐಇಸಿ ಪಟ್ಟಿಯಲ್ಲಿ ಇರುವುದೆಲ್ಲ ಮೇಲಕ್ಕೆ ಹೋಗುವವು. ಬಿಟ್ಟನ್ನು ಸಾವಿರ ಚೂರು ಮಾಡುವ ಅಗತ್ಯ ಅವರಿಗೆ ಬರಲಿಲ್ಲ. ಆದರೆ ಬೇರೆ ಏಕಮಾನಗಳಿಗೆ ಕೆಳಗಿನ ದಿಕ್ಕೇ ಹೆಚ್ಚಾಗಿ ಬೇಕಾಗುತ್ತದೆ. ನಿಮ್ಮ ಎರಡು ಸ್ಯಾಂಪಲ್ ನಡುವಿನ ಅಂತರ 16,384ರಲ್ಲಿ ಒಂದು ಸೆಕೆಂಡ್, ಅಂದರೆ 61.03515625 ಮೈಕ್ರೋಸೆಕೆಂಡ್. ಇದಕ್ಕೆ ಅಂದವಾದ ಹೆಸರಿಲ್ಲ. ವಿಕಿರಣ ವಸ್ತು 10 ಅರ್ಧಾಯುಷ್ಯ ಕಳೆದ ಮೇಲೆ 1024ರಲ್ಲಿ ಒಂದು ಭಾಗ ಉಳಿಯುತ್ತದೆ, ಅದಕ್ಕೂ ಇಲ್ಲ. ಎನ್‌ಟಿಪಿ ಸಮಯದ ಅತಿ ಸಣ್ಣ ಚೂರು 2ರ ಋಣ 32ನೇ ಘಾತ ಸೆಕೆಂಡ್, ಸುಮಾರು 233 ಪಿಕೋಸೆಕೆಂಡ್. ಎಲ್ಲರೂ ಘಾತದಲ್ಲೇ ಬರೆಯುತ್ತಾರೆ. ಮೇಲಿನ ಮತ್ತು ಕೆಳಗಿನ ಪ್ರಿಫಿಕ್ಸ್‌ಗಳನ್ನು ಕಲಸಿದರೆ ಏನಾಗುತ್ತದೆ ಅನ್ನೋದಕ್ಕೆ ಸರ್ವರುಗಳಲ್ಲಿ ಪ್ರೋಗ್ರಾಂಗಳನ್ನು ನಡೆಸುವ ಕುಬರ್ನೆಟಿಸ್ ತಂತ್ರಾಂಶ ನೋಡಿ. ಅಲ್ಲಿ ಮೆಮೊರಿಗೆ ಮೆಬಿಯ ಸಂಕೇತ ಬರೆಯುವ ಬದಲು ಬರೀ ಸಣ್ಣಕ್ಷರ ಎಮ್ ಬರೆದರೆ ಅದು ಮಿಲಿ ಆಗುತ್ತದೆ. 400 ಮೆಬಿಬೈಟ್ ಕೇಳಲು ಹೊರಟವರು 0.4 ಬೈಟ್ ಕೇಳಿರುತ್ತಾರೆ!

ಈಗ ವರದಿಗೆ ಏನು ಮಾಡಬೇಕು. ಗೈಡ್ ಎಳೆದ ಗೆರೆಗೆ ಒಳ್ಳೆಯ ಕಾರಣ ಇದೆ ಅಂದೆನಲ್ಲ, ಅದು ಓದುವವರದ್ದು. ನೀವು 16 ಕಿಬಿಹರ್ಟ್ಸ್ ಅಂದದ್ದನ್ನು ಯಾರೋ 16 ಕಿಲೋಹರ್ಟ್ಸ್ ಅಂತ ಓದಿ ಉಪಕರಣವನ್ನು 16,000ಕ್ಕೆ ಇಟ್ಟು, ವಿಶ್ಲೇಷಣೆಯ ಪ್ರೋಗ್ರಾಂ ಮಾತ್ರ ನಿಮ್ಮ 16,384ನ್ನೇ ನಂಬಿ ಕೂತಿದ್ದರೆ, 1000 ಹರ್ಟ್ಸ್‌ನ ಕಂಪನ 1024ರಲ್ಲಿ ಕಾಣುತ್ತದೆ. ಸಂಗೀತದ ಲೆಕ್ಕದಲ್ಲಿ ಅರ್ಧ ಸೆಮಿಟೋನಿಗೆ ಹತ್ತಿರದ ತಪ್ಪು. ಬೇರಿಂಗ್ ದೋಷ ಹುಡುಕುವಾಗ ಅಷ್ಟು ಸರಿದರೆ ಬೇರೆ ಯಾವುದೋ ಭಾಗದ ಮೇಲೆ ಅನುಮಾನ ಬರಬಹುದು. ಅದಕ್ಕೆ ಮೊದಲ ಸಲ ಬರೆಯುವಾಗ "ಸ್ಯಾಂಪ್ಲಿಂಗ್ ದರ 16,384 ಹರ್ಟ್ಸ್, ಅಂದರೆ 16 ಕಿಬಿಹರ್ಟ್ಸ್, 1 ಕಿಬಿಹರ್ಟ್ಸ್ ಎಂದರೆ 1024 ಹರ್ಟ್ಸ್" ಎಂದು ಪೂರ್ತಿ ಬರೆಯಿರಿ. ಆಮೇಲೆ ಬ್ಲಾಕ್ ಗಾತ್ರ, ಗೆರೆಗಳ ಅಂತರದ ಲೆಕ್ಕ ಬರುವ ಕಡೆ ಕಿಬಿ ಬಳಸಿ. ಸ್ಯಾಂಪಲ್ ಎಣಿಕೆಗೂ ಬಳಸಿ, ಅಲ್ಲಿ ಯಾರ ತಕರಾರೂ ಇರುವುದಿಲ್ಲ.

ಗ್ರಾಫಿನ ಅಕ್ಷಕ್ಕೆ ಮಾತ್ರ ಬೇಡ. ಅಲ್ಲಿ ಹರ್ಟ್ಸ್ ಇಲ್ಲವೇ ಕಿಲೋಹರ್ಟ್ಸ್ ಇರಲಿ. ದರವನ್ನು ಆರಿಸಿದ್ದು ನಿಮ್ಮ ಎಫ್‌ಎಫ್‌ಟಿ, ಆದರೆ ಅಕ್ಷದ ಮೇಲೆ ಬರುವ ಶಿಖರಗಳು ಯಂತ್ರದವು. ನಿಮಿಷಕ್ಕೆ 1500 ಸುತ್ತು ತಿರುಗುವ ಶಾಫ್ಟಿನ ಗೆರೆ 25 ಹರ್ಟ್ಸ್‌ಗೆ ಬೀಳುತ್ತದೆ, ಅದನ್ನು 0.0244 ಕಿಬಿಹರ್ಟ್ಸ್ ಅಂತ ಬರೆದರೆ ಯಾರಿಗೂ ಗುರುತು ಸಿಗುವುದಿಲ್ಲ. ಅಂದಹಾಗೆ ನಿಮ್ಮ 4 ಹರ್ಟ್ಸ್ ಅಂತರದ ಗೆರೆಗಳಲ್ಲಿ 25 ಯಾವುದರ ಮೇಲೂ ಸರಿಯಾಗಿ ಕೂರುವುದಿಲ್ಲ, 24 ಮತ್ತು 28ರ ನಡುವೆ ಹಂಚಿಹೋಗುತ್ತದೆ. ಶಾಫ್ಟಿನ ವೇಗ ನಿಮಗೆ ಮುಖ್ಯವಾದರೆ ಬ್ಲಾಕನ್ನು 16,384ಕ್ಕೆ ಏರಿಸಿ, ಗೆರೆಗಳು 1 ಹರ್ಟ್ಸ್‌ಗೆ ಒಂದರಂತೆ ಬರುತ್ತವೆ.